ಭಿನ್ನಮತದ ಅರ್ಥಶಾಸ್ತ್ರಜ್ಞ: ಪ್ರೊಫೆಸರ್ ಬಿ. ಆರ್. ಶೆಣೈ



ಅರ್ಥಶಾಸ್ತ್ರಜ್ಞರೊಬ್ಬರ ಜೀವನಚರಿತ್ರೆಯೆಂದು ಪ್ರಕಟಿಸಿದೊಡನೆಯೇ ರೇಡಿಯೋ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿಬಿಡುವವರು ನಮ್ಮಲ್ಲಿ ಕಡಮೆಯಿಲ್ಲ. ಕವಿಯ ಜೀವನದಲ್ಲಿ ರಸವುಂಟು, ಯೋಧನ ಜೀವನದಲ್ಲಿ ಸಾಹಸವುಂಟು. ಪಾಠ ಹೇಳಿ, ಲೇಖನ ಬರೆದು, ಅಂಕಿಗಳ ನಡುವೆ ಮುದುಕನಾದ ಪ್ರಾಧ್ಯಾಪಕನ ಜೀವನದಲ್ಲಿ ಕೇಳತಕ್ಕದ್ದೇನುಂಟು ಎಂದು ನಿಮಗೆ ತೋರಿದರೆ ಅದು ನಿಮ್ಮ ತಪ್ಪಲ್ಲ. ಆದರೂ ಈ ಹೊತ್ತು ಸ್ವಲ್ಪ ಕಾಲ ಆ ಗುಂಡಿಯ ಮೇಲಿಂದ ಕೈ ತೆಗೆಯಬೇಕೆಂದು ನನ್ನ ಬೇಡಿಕೆ. ನಾನು ಹೇಳಹೊರಟಿರುವುದು ಒಂದು ಸಹಿಯ ಕಥೆ; ಸರಿಯಾಗಿ ಹೇಳುವುದಾದರೆ, ಹಾಕದೆ ಹೋದ ಒಂದು ಸಹಿಯ ಕಥೆ.

ಈ ವಿಷಯ ನನ್ನ ಮನಸ್ಸಿಗೆ ಬಂದ ಬಗೆಯನ್ನು ಮೊದಲು ತಿಳಿಸುತ್ತೇನೆ. ವೈಯಾಲಿಕಾವಲಿನಲ್ಲಿ ನಮ್ಮ ಮನೆಯ ಎದುರಿಗೆ ಹಿರಿಯ ದಂಪತಿಗಳಿದ್ದಾರೆ. ಯಜಮಾನರು ಜಾಲಹಳ್ಳಿಯ ಕಡೆಯ ಸರಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ದುಡಿದು ವಿಶ್ರಾಂತಿ ಪಡೆದವರು. ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು, ಎಲ್ಲವೂ ಆ ಕಾರ್ಖಾನೆಯ ಸಂಬಳದಿಂದ. ಅವರ ಮಡದಿ ಮದುವೆಯಾಗಿ ಬಂದಂದಿನಿಂದ ಮನೆಯ ಜಮಾಖರ್ಚನ್ನು ಉದ್ದನೆಯ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಬಂದಿದ್ದಾರೆ. ಅಕ್ಕಿ, ಬೇಳೆ, ಸೀಮೆಎಣ್ಣೆ, ಹಾಲು, ಅಗಸನ ಲೆಕ್ಕ, ಒಂದನ್ನೂ ಬಿಟ್ಟಿಲ್ಲ. ಒಂದು ಸಂಜೆ ಮಾತು ಹಳೆಯ ದಿನಗಳ ಕಡೆಗೆ ತಿರುಗಿದಾಗ ಆ ತಾಯಿ ಒಂದು ಪುಸ್ತಕವನ್ನು ನನ್ನ ಮುಂದಿಟ್ಟು, “ಸ್ವಾಮಿ, ಇವರ ಸಂಬಳ ವರ್ಷ ವರ್ಷವೂ ಏರಿದ್ದುಂಟು. ಆದರೆ ಸಂಬಳ ಮೆಟ್ಟಿಲು ಹತ್ತುತ್ತಿದ್ದಾಗ ಅಕ್ಕಿಯ ಧಾರಣೆ ಏಣಿ ಹಾಕಿಕೊಂಡು ಹತ್ತುತ್ತಿತ್ತು. ಇದಕ್ಕೆ ಕಾರಣವೇನೆಂದು ಯಾರೂ ನನಗೆ ಹೇಳಲಿಲ್ಲ” ಎಂದರು. ಯಜಮಾನರು ನಕ್ಕು, “ಕಾರಣ ಹೇಳಿದವನೊಬ್ಬನಿದ್ದ. ಅವನ ಮಾತು ಕೇಳಿದ್ದರೆ ನಮ್ಮ ಕಾರ್ಖಾನೆಯೇ ಏಳುತ್ತಿರಲಿಲ್ಲ” ಎಂದರು. ಅವರು ಹೇಳಿದ್ದು ಪ್ರೊಫೆಸರ್ ಶೆಣೈಯವರನ್ನು ಕುರಿತು. ಗಂಡಹೆಂಡಿರ ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ನಾನು ಆ ಮಹನೀಯರ ಜೀವನವನ್ನು ಮತ್ತೆ ಓದಬೇಕಾಯಿತು.

ಬೆಳ್ಳಿಕೋತ್ ರಘುನಾಥ ಶೆಣೈಯವರು ೧೯೦೫ನೆಯ ಇಸವಿ ಜೂನ್ ತಿಂಗಳ ೩ನೆಯ ತಾರೀಖು ಜನಿಸಿದರು. ಅವರ ಹೆಸರಿನ ಮೊದಲಲ್ಲಿರುವ ಬೆಳ್ಳಿಕೋತ್ ಅವರ ಹುಟ್ಟೂರು. ಆಗ ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿ, ಈಗ ಕಾಸರಗೋಡು ಜಿಲ್ಲೆಯೊಳಗಿದೆ. ಕನ್ನಡ, ತುಳು, ಕೊಂಕಣಿ, ಮಲೆಯಾಳಗಳು ಒಂದೇ ಸಂತೆಯಲ್ಲಿ ಕೇಳಿಬರುವ ಸೀಮೆ ಅದು. ಆ ಕರಾವಳಿಯ ಜನ ವಿದ್ಯೆಗಾಗಿ, ವ್ಯಾಪಾರಕ್ಕಾಗಿ ದೂರ ಹೋಗಲು ಹೆದರುವವರಲ್ಲ. ಶೆಣೈಯವರು ಕಾಶಿಗೆ ಹೋದರು. ಅಲ್ಲಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ೧೯೨೯ರಲ್ಲಿ ಎಂ. ಎ. ಪದವಿ ಪಡೆದು, ಮುಂದಿನ ವ್ಯಾಸಂಗಕ್ಕಾಗಿ ಲಂಡನ್ನಿನ ಅರ್ಥಶಾಸ್ತ್ರ ಶಾಲೆಯನ್ನು ಸೇರಿದರು.

ಅವರು ಅಲ್ಲಿದ್ದ ಕಾಲ ವಿಶೇಷವಾದದ್ದು. ಜಗತ್ತನ್ನೆಲ್ಲ ವ್ಯಾಪಾರದ ಮುಗ್ಗಟ್ಟು ಆವರಿಸಿತ್ತು. ಅಮೆರಿಕದಲ್ಲಿ ಬ್ಯಾಂಕುಗಳು ಒಂದಾದ ಮೇಲೊಂದು ಬಾಗಿಲು ಹಾಕಿಕೊಳ್ಳುತ್ತಿದ್ದವು. ಕೇಂಬ್ರಿಜ್ಜಿನ ಕೇನ್ಸ್ ಮಹಾಶಯರು ೧೯೩೦ರಲ್ಲಿ ಹಣವನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದ್ದರು. ೧೯೩೧ರ ಆರಂಭದಲ್ಲಿ ವಿಯೆನ್ನಾ ನಗರದಿಂದ ಹಾಯೆಕ್ ಎಂಬ ತರುಣ ವಿದ್ವಾಂಸರು ಲಂಡನ್ನಿಗೆ ಬಂದು ನಾಲ್ಕು ಉಪನ್ಯಾಸಗಳನ್ನು ಕೊಟ್ಟರು. ಆ ಉಪನ್ಯಾಸಗಳು ಶೆಣೈಯವರ ಮನಸ್ಸಿನ ಮೇಲೆ ಅಳಿಸಲಾಗದ ಮುದ್ರೆಯೊತ್ತಿದವು.

ಹಾಯೆಕ್ಕರ ವಾದವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ನಮ್ಮ ಬಡಾವಣೆಯಲ್ಲಿ ಒಬ್ಬರು ಮನೆ ಕಟ್ಟಿಸುತ್ತಾರೆನ್ನಿ. ಅವರಲ್ಲಿರುವ ಇಟ್ಟಿಗೆ, ಸುಣ್ಣ, ಮರಮುಟ್ಟು, ಆಳುಗಳ ಕೂಲಿ ಎಲ್ಲ ಸೇರಿ ಎರಡು ಕೋಣೆಗಳಿಗೆ ಸಾಕಾಗುವಷ್ಟು. ಆದರೆ ಲೆಕ್ಕದ ಗುಮಾಸ್ತೆ ತಪ್ಪು ಲೆಕ್ಕ ಕೊಟ್ಟದ್ದರಿಂದ ಐದು ಕೋಣೆಗಳಿಗೆ ತಳಪಾಯ ಹಾಕಿಬಿಡುತ್ತಾರೆ. ತಳಪಾಯ ಹಾಕುವಾಗ ಎಲ್ಲರಿಗೂ ಸಂಭ್ರಮ. ಗೋಡೆ ಎದೆಯೆತ್ತರ ಬರುವ ಹೊತ್ತಿಗೆ ಇಟ್ಟಿಗೆ ಮುಗಿಯುತ್ತದೆ. ಆಗ ಐದು ಕೋಣೆಯೂ ಇಲ್ಲ, ಎರಡು ಕೋಣೆಯೂ ಇಲ್ಲ. ಮಳೆಯಲ್ಲಿ ನೆನೆಯುವ ಮೊಂಡುಗೋಡೆಗಳು ಮಾತ್ರ. ಗುಮಾಸ್ತೆಯ ತಪ್ಪು ಲೆಕ್ಕಕ್ಕೆ ಸಮಾನವಾದದ್ದು ದೇಶದ ವ್ಯವಹಾರದಲ್ಲಿ ಹೊಸದಾಗಿ ಸೃಷ್ಟಿಯಾದ ಹಣ. ಜನರು ನಿಜವಾಗಿ ಉಳಿಸಿದ ಸಂಪತ್ತಿಗಿಂತ ಹೆಚ್ಚು ಕೆಲಸಗಳನ್ನು ಬರಿಯ ಕಾಗದದ ಬಲದಿಂದ ಆರಂಭಿಸಿದರೆ ಅವು ಪೂರ್ಣವಾಗುವುದಿಲ್ಲ. ನಡುವೆ ಧಾರಣೆಗಳು ಏರುತ್ತವೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನೇ ಶಾಸ್ತ್ರದ ಭಾಷೆಯಲ್ಲಿ ಹೇಳಿದಂತೆ ಇದು.

ಶೆಣೈಯವರು ಶಿಷ್ಯರಂತೆ ಕೇಳಿ ಸುಮ್ಮನಾಗಲಿಲ್ಲ. ಕೇನ್ಸರ ಗ್ರಂಥದಲ್ಲಿದ್ದ ಧಾರಣೆಯ ಸಮೀಕರಣವೊಂದನ್ನು ಪರೀಕ್ಷಿಸಿ ಲೇಖನ ಬರೆದರು. ಅದನ್ನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಹೊರಡುವ ಅರ್ಥಶಾಸ್ತ್ರದ ತ್ರೈಮಾಸಿಕ ಪತ್ರಿಕೆ ಪ್ರಕಟಿಸಿತು. ಆ ವಿಷಯದಲ್ಲಿ ಜಗತ್ತಿನಲ್ಲಿಯೇ ಮಾನ್ಯವಾದ ಪತ್ರಿಕೆ ಅದು. ಮೂವತ್ತು ವರ್ಷ ತುಂಬದ, ದಕ್ಷಿಣ ಕನ್ನಡದ ಹಳ್ಳಿಯಿಂದ ಬಂದ ವಿದ್ಯಾರ್ಥಿಯೊಬ್ಬ, ಆ ಕಾಲದ ಅತ್ಯಂತ ಪ್ರಸಿದ್ಧ ಅರ್ಥಶಾಸ್ತ್ರಜ್ಞನ ಲೆಕ್ಕದಲ್ಲಿ ದೋಷವನ್ನು ಎತ್ತಿ ತೋರಿಸಿದ್ದು ಸಣ್ಣ ಸಂಗತಿಯಲ್ಲ. ಮುಂದೆ ಬರಲಿದ್ದ ಘಟನೆಯ ಬೀಜವೂ ಅಲ್ಲಿಯೇ ಇತ್ತು: ದೊಡ್ಡವರು ಹೇಳಿದರೆಂದು ಲೆಕ್ಕ ಸರಿಯಾಗುವುದಿಲ್ಲ.

ಸ್ವದೇಶಕ್ಕೆ ಮರಳಿದ ಮೇಲೆ ಅವರು ಬೋಧಕವೃತ್ತಿಯನ್ನು ಹಿಡಿದು, ಸಿಂಹಳದ ಕೊಲಂಬೋ ನಗರದಲ್ಲಿಯೂ ಕೆಲಕಾಲ ಅಧ್ಯಾಪಕರಾಗಿದ್ದರು. ಆ ದ್ವೀಪದ ನಾಣ್ಯ ಮತ್ತು ಬ್ಯಾಂಕುಗಳನ್ನು ಕುರಿತು ೧೯೪೧ರಲ್ಲಿ ಅವರ ಗ್ರಂಥ ಹೊರಬಂದಿತು. ೧೯೪೫ರಲ್ಲಿ ಭಾರತದ ರಿಸರ್ವ್ ಬ್ಯಾಂಕಿನ ಸಂಶೋಧನಾ ಶಾಖೆಯನ್ನು ಸೇರಿದರು. ಯುದ್ಧಾನಂತರದ ವರ್ಷಗಳಲ್ಲಿ ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕುಗಳಲ್ಲಿ ಭಾರತದ ಪರವಾಗಿ ಕೆಲಸಮಾಡಿದರು.

ಬ್ಯಾಂಕಿನಲ್ಲಿದ್ದಾಗ ಅವರು ಹತ್ತಿರದಿಂದ ಕಂಡದ್ದೇನೆಂಬುದನ್ನು ಇಲ್ಲಿ ಹೇಳಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಭಾರತದಲ್ಲಿ ಸೈನ್ಯಕ್ಕಾಗಿ ಧಾನ್ಯ, ಬಟ್ಟೆ, ಚರ್ಮ, ಮರ ಎಲ್ಲವನ್ನೂ ಕೊಂಡುಕೊಂಡಿತು. ಅದರ ಬೆಲೆಯನ್ನು ಲಂಡನ್ನಿನಲ್ಲಿ ಸ್ಟರ್ಲಿಂಗ್ ಪತ್ರಗಳಾಗಿ ಬರೆದಿಟ್ಟು, ಆ ಪತ್ರಗಳ ಆಧಾರದ ಮೇಲೆ ಇಲ್ಲಿ ರೂಪಾಯಿ ನೋಟುಗಳನ್ನು ಅಚ್ಚುಹಾಕಲಾಯಿತು. ಯುದ್ಧ ಆರಂಭವಾದಾಗ ಚಲಾವಣೆಯಲ್ಲಿದ್ದುದಕ್ಕೆ ಆರು ಮಡಿಗೂ ಹೆಚ್ಚಾದ ನೋಟುಗಳು ಯುದ್ಧ ಮುಗಿಯುವ ಹೊತ್ತಿಗೆ ದೇಶದಲ್ಲಿ ಓಡಾಡುತ್ತಿದ್ದವು. ಸಾಮಾನುಗಳು ರಣಭೂಮಿಗೆ ಹೋದವು, ಕಾಗದ ಜನರ ಕೈಯಲ್ಲಿ ಉಳಿಯಿತು. ಎಂಟನೆಯ ಅಡ್ಡರಸ್ತೆಯ ಮಾರುಕಟ್ಟೆಗೆ ಬಂದಿರುವ ಅವರೆಕಾಯಿ ಹತ್ತು ಬುಟ್ಟಿಯೇ ಆಗಿದ್ದು, ಕೊಳ್ಳುವವರ ಕೈಚೀಲದ ಹಣ ಮಾತ್ರ ಎರಡು ಮಡಿಯಾದರೆ ಏನಾಗುವುದೋ ಅದೇ ದೇಶದಲ್ಲೆಲ್ಲ ಆಯಿತು. ೧೯೪೩ರಲ್ಲಿ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತದ್ದಕ್ಕೆ ಕಾರಣಗಳು ಅನೇಕ. ಯುದ್ಧದ ಹಣದಿಂದ ಏರಿದ ಅಕ್ಕಿಯ ಬೆಲೆ ಅವುಗಳಲ್ಲೊಂದು. ಹೀಗೆ ಹೊರಗೆ ಕೂಡಿಬಿದ್ದ ಸ್ಟರ್ಲಿಂಗ್ ಆಸ್ತಿಯ ವಿಷಯವಾಗಿಯೇ ಶೆಣೈಯವರು ಒಂದು ಗ್ರಂಥವನ್ನು ರಚಿಸಿದರು. ಅಧಿಕ ನೋಟು ಬಡವನ ಮೇಲೆ ಹೇರಿದ ಗುಪ್ತ ತೆರಿಗೆಯೆಂಬುದು ಅವರ ಪಾಲಿಗೆ ಪುಸ್ತಕದ ಮಾತಾಗಿ ಉಳಿದಿರಲಿಲ್ಲ.

೧೯೫೪ರಲ್ಲಿ ಅವರು ಅಹಮದಾಬಾದಿಗೆ ಹೋಗಿ ಗುಜರಾತ್ ವಿಶ್ವವಿದ್ಯಾನಿಲಯದ ಸಮಾಜವಿಜ್ಞಾನ ಶಾಲೆಯ ನಿರ್ದೇಶಕರಾದರು. ಮರುವರ್ಷವೇ ಆ ಪರೀಕ್ಷೆಯ ಗಳಿಗೆ ಬಂದಿತು.

ಮೊದಲನೆಯ ಪಂಚವಾರ್ಷಿಕ ಯೋಜನೆ ಆಗ ಮುಗಿಯುತ್ತಾ ಬಂದಿತ್ತು. ಮಳೆಬೆಳೆ ಚೆನ್ನಾಗಿ ಆಗಿ ಧಾರಣೆಗಳು ಇಳಿದಿದ್ದವು, ದೇಶದಲ್ಲಿ ಉತ್ಸಾಹವಿತ್ತು. ಎರಡನೆಯ ಯೋಜನೆಗೆ ಪ್ರೊಫೆಸರ್ ಮಹಲನೋಬಿಸ್ ಅವರು ಒಂದು ಚೌಕಟ್ಟನ್ನು ಸಿದ್ಧಪಡಿಸಿದರು. ಉಕ್ಕು, ಯಂತ್ರ, ವಿದ್ಯುಚ್ಛಕ್ತಿ, ಇಂಥ ಭಾರಿ ಕೈಗಾರಿಕೆಗಳನ್ನು ಸರಕಾರವೇ ಸ್ಥಾಪಿಸಬೇಕು. ಯಂತ್ರವನ್ನು ಮಾಡುವ ಯಂತ್ರ ನಮ್ಮಲ್ಲಿಯೇ ಆದರೆ ಮುಂದೆ ನಾವು ಯಾರ ಮುಂದೆಯೂ ಕೈ ಒಡ್ಡಬೇಕಾಗಿಲ್ಲ ಎಂಬುದು ಅದರ ಸಾರ. ಮೊದಲನೆಯ ಯೋಜನೆಗೆ ಆರಂಭದಲ್ಲಿ ಗೊತ್ತುಮಾಡಿದ್ದ ಸರಕಾರಿ ವೆಚ್ಚ ೨,೦೬೯ ಕೋಟಿ ರೂಪಾಯಿ. ಎರಡನೆಯದಕ್ಕೆ ಗೊತ್ತಾದದ್ದು ೪,೮೦೦ ಕೋಟಿ. ಇದರಲ್ಲಿ ೧,೨೦೦ ಕೋಟಿಯನ್ನು, ಎಂದರೆ ನಾಲ್ಕರಲ್ಲಿ ಒಂದು ಪಾಲನ್ನು, ತೆರಿಗೆಯಿಂದಲೂ ಜನರ ಸಾಲದಿಂದಲೂ ಅಲ್ಲದೆ ಕೊರತೆಯ ಹಣದಿಂದ ತುಂಬಿಕೊಳ್ಳುವುದೆಂದು ನಿಶ್ಚಯವಾಯಿತು. ಕೊರತೆಯ ಹಣವೆಂದರೆ ಸರಕಾರವು ರಿಸರ್ವ್ ಬ್ಯಾಂಕಿಗೆ ಕೈಕಾಗದ ಬರೆದುಕೊಟ್ಟು ಹೊಸ ನೋಟುಗಳನ್ನು ಪಡೆಯುವುದು.

ಈ ಚೌಕಟ್ಟನ್ನು ಪರಿಶೀಲಿಸುವುದಕ್ಕಾಗಿ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಮಂಡಲಿಯೊಂದು ಏರ್ಪಟ್ಟಿತ್ತು. ಶೆಣೈಯವರೂ ಅದರ ಸದಸ್ಯರು. ಮಂಡಲಿಯು ಒಂದು ವಿಜ್ಞಾಪನಾಪತ್ರವನ್ನು ಸಿದ್ಧಪಡಿಸಿ, ಅಲ್ಪಸ್ವಲ್ಪ ಎಚ್ಚರಿಕೆಗಳೊಡನೆ, ಯೋಜನೆಯ ದಿಕ್ಕನ್ನೂ ಗಾತ್ರವನ್ನೂ ಒಪ್ಪಿಕೊಂಡಿತು. ಒಬ್ಬರ ಹೊರತು ಎಲ್ಲರೂ ಸಹಿ ಹಾಕಿದರು. ಆ ಒಬ್ಬರು ಶೆಣೈಯವರು. ಸಹಿ ಹಾಕದೆ ಸುಮ್ಮನಿದ್ದರೆ ಅದೂ ಒಂದು ಬಗೆಯ ಜಾಣತನವಾಗುತ್ತಿತ್ತು. ಅವರು ಹಾಗೆ ಮಾಡದೆ, ತಮ್ಮ ಅಸಮ್ಮತಿಯ ಕಾರಣಗಳನ್ನು ಕ್ರಮವಾಗಿ ಬರೆದು, ತಮ್ಮ ಹೆಸರಿನೊಡನೆ ಪ್ರತ್ಯೇಕವಾದ ಟಿಪ್ಪಣಿಯಾಗಿ ಒಪ್ಪಿಸಿದರು. ೧೯೫೫ರ ಭಿನ್ನಮತದ ಟಿಪ್ಪಣಿಯೆಂದು ಪ್ರಸಿದ್ಧವಾದದ್ದು ಅದೇ.

ಅದರ ವಾದವನ್ನು ನನ್ನ ಮಾತುಗಳಲ್ಲಿ ಸಂಗ್ರಹಿಸುತ್ತೇನೆ. ಮೊದಲನೆಯದಾಗಿ, ಯೋಜನೆಯ ಗಾತ್ರವನ್ನು ಬಯಕೆಯಿಂದ ಅಳೆಯಬಾರದು, ಇರುವ ಸಾಧನಗಳಿಂದ ಅಳೆಯಬೇಕು. ಬಡದೇಶದ ಜನ ಎಷ್ಟು ಉಳಿಸಬಲ್ಲರೋ ಅಷ್ಟೇ ಬಂಡವಳ. ಅದನ್ನು ಬಲವಂತದಿಂದ ಹೆಚ್ಚಿಸಬೇಕಾದರೆ ಜನರ ಬಾಯ ತುತ್ತನ್ನು ಕಸಿಯಬೇಕು. ನಿರಂಕುಶ ಪ್ರಭುತ್ವಕ್ಕೆ ಅದು ಸಾಧ್ಯ, ಮತದಾನದ ಪ್ರಭುತ್ವಕ್ಕೆ ಅದು ಸಲ್ಲದು. ಎರಡನೆಯದಾಗಿ, ಕೊರತೆಯ ಹಣದಿಂದ ಸಂಪತ್ತು ಹುಟ್ಟುವುದಿಲ್ಲ. ಧಾರಣೆ ಏರುತ್ತದೆ, ವಿದೇಶದ ವ್ಯಾಪಾರದಲ್ಲಿ ಕೊರತೆ ಬೀಳುತ್ತದೆ, ನಿಶ್ಚಿತ ವರಮಾನದ ಬಡವರು ನಷ್ಟಪಡುತ್ತಾರೆ. ಮೂರನೆಯದಾಗಿ, ಧಾರಣೆ ಏರಿದಾಗ ಸರಕಾರ ಅದನ್ನು ತಡೆಯಲು ನಿರ್ಬಂಧಗಳನ್ನು ಹೇರುತ್ತದೆ. ನಿರ್ಬಂಧವನ್ನು ಕಾಪಾಡಲು ಮತ್ತೊಂದು ನಿರ್ಬಂಧ ಬೇಕಾಗುತ್ತದೆ. ಕೊನೆಗೆ ಪ್ರಜೆ ತನ್ನ ಅಂಗಡಿಯ ಬಾಗಿಲು ತೆರೆಯುವುದಕ್ಕೂ ಅಧಿಕಾರಿಯ ಅಪ್ಪಣೆಗೆ ಕಾಯಬೇಕಾಗುತ್ತದೆ. ಆದ್ದರಿಂದ ನಿರ್ಬಂಧಗಳನ್ನು ಸಡಿಲಿಸಬೇಕು, ರಾಷ್ಟ್ರೀಕರಣವನ್ನು ಹಿಗ್ಗಿಸಬಾರದು. ಹಣದುಬ್ಬರ ಮತ್ತು ಸ್ವಾತಂತ್ರ್ಯ ಒಂದೇ ಮನೆಯಲ್ಲಿ ಬಹುಕಾಲ ಬಾಳಲಾರವು ಎಂಬುದು ಆ ಟಿಪ್ಪಣಿಯ ಒಳದನಿ.

ಶ್ರೋತೃಗಳೇ, ಈ ವಾದವನ್ನು ಕೇಳುವುದು ಮೈಸೂರಿನವರಾದ ನಮಗೆ ಸುಲಭವಲ್ಲ. ನಮ್ಮ ಅನುಭವವೇ ಬೇರೆ. ಇಲ್ಲಿ ಸರಕಾರವೇ ಮುಂದೆ ನಿಂತು ಕಾವೇರಿಗೆ ಕಟ್ಟೆ ಕಟ್ಟಿತು, ಗಂಧದೆಣ್ಣೆ ತೆಗೆಯಿತು, ಸಾಬೂನು ಮಾಡಿತು, ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಗ್ರಂಥ ಬರೆದದ್ದು ೧೯೩೪ರಲ್ಲಿ, ದಿಲ್ಲಿಯವರು ಆ ಮಾತನ್ನೆತ್ತುವುದಕ್ಕೆ ಎಷ್ಟೋ ಮೊದಲು. ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿಗೆ ದೊರೆತದ್ದಂತೂ ಯೋಜನೆಯ ಕೃಪೆಯೇ: ೧೯೪೮ರಲ್ಲಿ ದೂರವಾಣಿ ಕಾರ್ಖಾನೆ, ೧೯೫೩ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಮಲ್ಲೇಶ್ವರದಿಂದ, ವೈಯಾಲಿಕಾವಲಿನಿಂದ, ಯಶವಂತಪುರದಿಂದ ಮುಂಜಾನೆ ಬುತ್ತಿಯ ಡಬ್ಬಿ ಹಿಡಿದು ಕಾರ್ಖಾನೆಯ ಬಸ್ಸುಗಳಿಗೆ ಕಾದು ನಿಂತ ಒಂದು ತಲೆಮಾರಿನ ಬಾಳು ಅದರ ಮೇಲೆ ನಿಂತಿತು. ಹಳ್ಳಿಯಿಂದ ಬಂದ ಹುಡುಗ ಕುಶಲಕರ್ಮಿಯಾದ, ಅವನ ಮಗಳು ಇಂಜಿನಿಯರಾದಳು. ನಮ್ಮ ಎದುರುಮನೆಯ ಯಜಮಾನರ ಮಾತಿನಲ್ಲಿ ಹುರುಳಿಲ್ಲವೆಂದು ಯಾರು ಹೇಳಬಲ್ಲರು?

ಯೋಜನೆಯನ್ನು ರಚಿಸಿದವರು ದೇಶದ ಹಿತವನ್ನೇ ಬಯಸಿದವರು. ಶೆಣೈಯವರಿಗಿಂತ ಕಡಮೆ ವಿದ್ವಾಂಸರೂ ಅಲ್ಲ. ಇನ್ನೂರು ವರ್ಷಗಳ ಪರಾಧೀನತೆಯ ಮೇಲೆ ಜನ ಆತುರಪಟ್ಟರೆ ಆ ಆತುರವನ್ನು ಹೀಯಾಳಿಸುವುದೂ ತರವಲ್ಲ. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳ ಉಕ್ಕಿನ ಕಾರ್ಖಾನೆಗಳು ಮೊಂಡುಗೋಡೆಗಳಾಗಿ ಉಳಿಯಲಿಲ್ಲ; ಪೂರ್ಣವಾದವು. ಕರಾವಳಿಯ ವರ್ತಕರ ನಾಡಿನಲ್ಲಿ ಹುಟ್ಟಿದ ಶೆಣೈಯವರು ಜನರು ತಾವಾಗಿ ನಡೆಸುವ ವ್ಯಾಪಾರದಲ್ಲಿ ಇಟ್ಟಿದ್ದ ನಂಬಿಕೆ, ಬಂಡವಳವೇ ಮುಂದೆ ಬಾರದ ಬಯಲುಸೀಮೆಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತಿತ್ತೆಂಬುದು ಚರ್ಚೆಗೆ ಎಡೆಯಿರುವ ವಿಷಯ.

ಆದರೆ ಲೆಕ್ಕ ಲೆಕ್ಕವೇ. ಮುಂದೆ ನಡೆದದ್ದನ್ನು ನೋಡೋಣ. ೧೯೫೬ರ ವರೆಗೆ ರಿಸರ್ವ್ ಬ್ಯಾಂಕು ನೋಟು ಹೊರಡಿಸಬೇಕಾದರೆ ಅದರ ನೂರಕ್ಕೆ ನಲವತ್ತರಷ್ಟು ಬೆಲೆಯ ಚಿನ್ನ ಮತ್ತು ವಿದೇಶೀ ಪತ್ರಗಳನ್ನು ಇಟ್ಟಿರಬೇಕೆಂಬ ನಿಯಮವಿತ್ತು. ಯೋಜನೆ ಆರಂಭವಾದ ವರ್ಷವೇ ಆ ನಿಯಮವನ್ನು ತೆಗೆದು, ಒಟ್ಟು ೫೧೫ ಕೋಟಿ ರೂಪಾಯಿಯ ಆಸ್ತಿಯಿದ್ದರೆ ಸಾಕೆಂದು ಮಾಡಲಾಯಿತು. ಮರುವರ್ಷ ಅದೂ ಹೆಚ್ಚೆನಿಸಿ ೨೦೦ ಕೋಟಿಗೆ ಇಳಿಸಲಾಯಿತು. ಪೆಟ್ಟಿಗೆಯ ಬೀಗವನ್ನು ಎರಡು ಸಲ ಸಡಿಲಿಸಬೇಕಾಯಿತೆಂದರೆ ಒಳಗಿದ್ದದ್ದು ಎಷ್ಟು ಬೇಗ ಕರಗುತ್ತಿತ್ತೆಂದು ನೀವೇ ಊಹಿಸಬಹುದು. ದೇಶದ ವಿದೇಶೀ ವಿನಿಮಯದ ನಿಧಿ ಎರಡೇ ವರ್ಷಗಳಲ್ಲಿ ಅರ್ಧದಷ್ಟು ಕರಗಿಹೋಯಿತು. ೧೯೫೮ರಲ್ಲಿ ಯೋಜನೆಯನ್ನು ೪,೫೦೦ ಕೋಟಿಗೆ ಕತ್ತರಿಸಬೇಕಾಯಿತು. ಅದೇ ವರ್ಷ ಭಾರತಕ್ಕೆ ನೆರವು ಕೊಡುವ ರಾಷ್ಟ್ರಗಳ ಕೂಟವೊಂದು ಏರ್ಪಟ್ಟಿತು. ಕೈ ಒಡ್ಡಬಾರದೆಂದು ಹೊರಟ ಯೋಜನೆ ಮೂರನೆಯ ವರ್ಷದಲ್ಲಿಯೇ ಕೈ ಒಡ್ಡಿತು. ಐದು ವರ್ಷಗಳಲ್ಲಿ ಸಗಟು ಧಾರಣೆಗಳು ನೂರಕ್ಕೆ ಸುಮಾರು ಮೂವತ್ತರಷ್ಟು ಏರಿದವು.

ಆಮೇಲೆ ಬಂದದ್ದು ಪರವಾನಗಿಯ ಯುಗ. ಅದರ ಕ್ರಮವನ್ನು ಶೆಣೈಯವರು ಮತ್ತೆ ಮತ್ತೆ ಬಿಡಿಸಿ ಬರೆದರು. ಸರಕಾರದ ಲೆಕ್ಕದಲ್ಲಿ ಅಮೆರಿಕದ ಒಂದು ಡಾಲರಿಗೆ ೪ ರೂಪಾಯಿ ೭೬ ಪೈಸೆ. ಪೇಟೆಯಲ್ಲಿ ಅದರ ಬೆಲೆ ಅದಕ್ಕಿಂತ ಬಹಳ ಹೆಚ್ಚು. ಹೀಗಿರುವಾಗ ಹೊರದೇಶದ ಸಾಮಾನು ತರಿಸುವ ಪರವಾನಗಿ ಯಾರ ಕೈಗೆ ಬಂದಿತೋ ಅವರು ಸಾಮಾನು ತರಿಸಿ ಮಾರಿದರೆ ಸಾಕು, ನಡುವಣ ಅಂತರವೆಲ್ಲ ಅವರ ಲಾಭ. ಆ ಲಾಭ ದುಡಿಮೆಯಿಂದ ಬಂದದ್ದಲ್ಲ, ಕಾಗದದ ಮೇಲಿನ ಮೊಹರಿನಿಂದ ಬಂದದ್ದು. ಅದನ್ನು ತೆತ್ತವರು ಸಾಮಾನು ಕೊಂಡ ಪ್ರಜೆಗಳು. ಸಮತೆಗಾಗಿ ಹೊರಟ ಏರ್ಪಾಡು ಬಡವರ ಚೀಲದಿಂದ ಉಳ್ಳವರ ಚೀಲಕ್ಕೆ ಹಣ ಸಾಗಿಸುತ್ತಿದೆಯೆಂದು ಅವರು ಎಚ್ಚರಿಸಿದರು. ರೂಪಾಯಿಯ ಬೆಲೆಯನ್ನು ನಿಜಸ್ಥಿತಿಗೆ ತರಬೇಕೆಂದು ಅವರು ಬಹುಕಾಲ ವಾದಿಸುತ್ತಿದ್ದರು. ೧೯೬೬ರ ಜೂನ್ ೬ರಂದು ಸರಕಾರ ಒಂದು ಡಾಲರಿಗೆ ೭ ರೂಪಾಯಿ ೫೦ ಪೈಸೆಯೆಂದು ಇಳಿಸಲೇಬೇಕಾಯಿತು. ಇತ್ತ ದೂರವಾಣಿಯನ್ನು ತಯಾರಿಸುವ ನಮ್ಮ ಊರಿನಲ್ಲಿಯೇ ದೂರವಾಣಿಗೆ ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾದರು. ಮಗನ ಹೆಸರಿನಲ್ಲಿ ಸ್ಕೂಟರಿಗೆ ಮುಂಗಡ ಕಟ್ಟಿ, ಅವನ ಮದುವೆಯ ಹೊತ್ತಿಗೆ ಬಂದರೆ ಸಾಕೆಂದ ತಂದೆಯರು ನಿಮ್ಮ ನೆನಪಿನಲ್ಲಿಯೂ ಇರಬಹುದು.

ಇಲ್ಲಿ ಇನ್ನೊಬ್ಬ ಪ್ರಾಧ್ಯಾಪಕರನ್ನು ಸ್ವಲ್ಪ ಹೊತ್ತು ನಿಮ್ಮ ಮುಂದೆ ತರಬೇಕಾಗಿದೆ. ಅವರು ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಮಿಲ್ಟನ್ ಫ್ರೀಡ್‌ಮನ್. ಹುಟ್ಟಿದ್ದು ೧೯೧೨ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ. ಹೊರದೇಶದಿಂದ ಬಂದು ನೆಲಸಿದ ಬಡ ಯೆಹೂದ್ಯ ದಂಪತಿಗಳ ಮಗ. ತಂದೆ ಬೇಗನೆ ತೀರಿಕೊಂಡರು. ವಿದ್ಯಾರ್ಥಿವೇತನದ ನೆರವಿನಿಂದಲೂ ಕೈಕೆಲಸದ ಸಂಪಾದನೆಯಿಂದಲೂ ಓದಿ, ೧೯೪೬ರಿಂದ ಮೂವತ್ತು ವರ್ಷ ಷಿಕಾಗೋದಲ್ಲಿ ಬೋಧಿಸಿದರು. ಶೆಣೈಯವರು ಟಿಪ್ಪಣಿ ಬರೆದ ೧೯೫೫ರಲ್ಲಿಯೇ ಅವರು ನಮ್ಮ ಸರಕಾರದ ಸಲಹೆಗಾರರಾಗಿ ದಿಲ್ಲಿಗೆ ಬಂದು, ವರ್ಷಾಂತ್ಯದಲ್ಲಿ ತಮ್ಮದೇ ಒಂದು ನಿವೇದನೆಯನ್ನು ಬರೆದುಕೊಟ್ಟರು. ಒಂದು ಕಡೆ ಭಾರಿ ಕಾರ್ಖಾನೆ, ಇನ್ನೊಂದು ಕಡೆ ಕೈಮಗ್ಗ, ಈ ಎರಡು ತುದಿಗಳಿಗೂ ನೆರವೆರೆದು ನಡುವಣ ವಿಶಾಲವಾದ ಉದ್ಯಮಕ್ಷೇತ್ರವನ್ನು ಬರಡುಮಾಡಬಾರದೆಂದೂ, ಯಂತ್ರಗಳಂತೆಯೇ ಜನರ ವಿದ್ಯೆಯೂ ಬಂಡವಳವೆಂದೂ ಅವರು ತಿಳಿಸಿದರು. ಅದನ್ನೂ ಯಾರೂ ಅನುಸರಿಸಲಿಲ್ಲ. ಫ್ರೀಡ್‌ಮನ್ನರು ಶೆಣೈಯವರ ಧೈರ್ಯವನ್ನು ಬಹುವಾಗಿ ಮೆಚ್ಚಿಕೊಂಡಿದ್ದರು.

ಇಬ್ಬರೂ ಹಣದ ಶಾಸ್ತ್ರವನ್ನು ಬಲ್ಲವರು, ಇಬ್ಬರೂ ತಮ್ಮ ಕಾಲದ ಒಲವಿಗೆ ಎದುರು ಈಜಿದವರು. ಆದರೆ ಇಬ್ಬರ ಪಾಲಿಗೆ ಬಂದದ್ದು ಬೇರೆ ಬೇರೆ. ಷಿಕಾಗೋದಲ್ಲಿ ಫ್ರೀಡ್‌ಮನ್ನರ ಸುತ್ತ ಸಮಾನಮನಸ್ಕ ವಿದ್ವಾಂಸರ ಬಳಗವೇ ಇತ್ತು, ವಾದಿಸಲು ಎದುರಾಳಿಗಳಿದ್ದರು, ಪ್ರಕಟಿಸಲು ಪತ್ರಿಕೆಗಳಿದ್ದವು. ೧೯೬೩ರಲ್ಲಿ ಆನಾ ಷ್ವಾರ್ಟ್ಸ್ ಎಂಬ ವಿದುಷಿಯೊಡನೆ ಅವರು ಬರೆದ ಅಮೆರಿಕದ ಹಣದ ಇತಿಹಾಸ ಅಭಿಪ್ರಾಯಗಳನ್ನೇ ತಿರುಗಿಸಿತು. ೧೯೭೬ರಲ್ಲಿ ನೊಬೆಲ್ ಪಾರಿತೋ‍ಷಕ ಬಂದಿತು. ಶೆಣೈಯವರಿಗೆ ಅಹಮದಾಬಾದಿನಲ್ಲಿ ಅಂಥ ಬಳಗವಿರಲಿಲ್ಲ. ಅವರನ್ನು ಯಾರೂ ಸೆರೆಗೆ ಹಾಕಲಿಲ್ಲ, ಅವರ ಬರಹವನ್ನು ಯಾರೂ ತಡೆಯಲಿಲ್ಲ; ನಮ್ಮ ಪ್ರಜಾಪ್ರಭುತ್ವಕ್ಕೆ ಆ ಕೀರ್ತಿ ಸಲ್ಲಬೇಕು. ಆದರೆ ಕರೆಯದೆ ಇರುವುದು ಎಂಬ ಶಿಕ್ಷೆಯೊಂದುಂಟು. ಮುಂದೆ ದಿಲ್ಲಿಯ ಸಲಹಾಮಂಡಲಿಗಳಲ್ಲಿ ಅವರ ಮಾತಿಗೆ ಎಡೆ ಸಿಗಲಿಲ್ಲ. ಅಭಿವೃದ್ಧಿಯ ವಿರೋಧಿಯೆಂಬ, ಸಿರಿವಂತರ ಪಕ್ಷಪಾತಿಯೆಂಬ ಹೆಸರು ಅಂಟಿಕೊಂಡಿತು.

ಅವರು ಇದರಿಂದ ಮುದುಡಲೂ ಇಲ್ಲ, ಕಹಿಯಾಗಲೂ ಇಲ್ಲ. ೧೯೬೮ರ ವರೆಗೆ ಗುಜರಾತ್ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಭಾರತದ ಅಭಿವೃದ್ಧಿಯ ಸಮಸ್ಯೆಗಳ ಮೇಲೆ, ಯೋಜನೆಗಳ ಮೇಲೆ ಗ್ರಂಥಗಳನ್ನು ಬರೆದರು. ಪತ್ರಿಕೆಗಳಲ್ಲಿ ಸಾಮಾನ್ಯ ಓದುಗರಿಗಾಗಿ ಬರೆದರು. ಅಮೆರಿಕದಿಂದ ಬಂದ ಉಚಿತಪ್ರಾಯದ ಗೋಧಿಯೂ ಅವರ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ಅದು ಹೊಟ್ಟೆ ತುಂಬಿಸಿತು, ನಿಜ. ಆದರೆ ನಮ್ಮ ರೈತನ ಬೆಳೆಯ ಬೆಲೆಯನ್ನು ಕುಗ್ಗಿಸಿ ಬೇಸಾಯದ ಉತ್ಸಾಹವನ್ನು ಕೆಡಿಸುತ್ತದೆ ಎಂದರು. ಅಮೆರಿಕದ ಕಡೆಯವರೆಂದು ಅವರನ್ನು ಹಳಿದವರು ಈ ಗ್ರಂಥವನ್ನು ಓದಿರಲಾರರು. ನಿವೃತ್ತರಾದ ಮೇಲೆ ದಿಲ್ಲಿಯಲ್ಲಿ ಅರ್ಥಶಾಸ್ತ್ರದ ಸಂಶೋಧನೆಗೆ ಒಂದು ಕೇಂದ್ರವನ್ನು ಸ್ಥಾಪಿಸಿಕೊಂಡು ಕೊನೆಯವರೆಗೂ ದುಡಿದರು. ಅವರ ಮಗಳು ಸುಧಾ ಶೆಣೈಯವರು ತಂದೆಯ ಹಾದಿಯನ್ನೇ ಹಿಡಿದು, ಹಾಯೆಕ್ಕರ ಬರಹಗಳ ಒಂದು ಸಂಕಲನವನ್ನು ೧೯೭೨ರಲ್ಲಿ ಹೊರತಂದರು. ಮುಂದೆ ಆಸ್ಟ್ರೇಲಿಯಾದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿಯಾಗಿದ್ದರು. ತಂದೆ ಲಂಡನ್ನಿನಲ್ಲಿ ಕೇಳಿದ ಪಾಠವನ್ನು ನಲವತ್ತು ವರ್ಷಗಳ ಮೇಲೆ ಮಗಳು ಲೋಕಕ್ಕೆ ಮತ್ತೆ ಒಪ್ಪಿಸಿದಳು.

ಶೆಣೈಯವರು ೧೯೭೮ರ ಫೆಬ್ರವರಿ ೮ರಂದು ತೀರಿಕೊಂಡರು. ಅದಾದ ಹದಿಮೂರು ವರ್ಷಗಳ ಮೇಲೆ, ೧೯೯೧ರಲ್ಲಿ, ವಿದೇಶೀ ವಿನಿಮಯದ ಬೊಕ್ಕಸ ಬರಿದಾಗಿ ದೇಶದ ಚಿನ್ನವನ್ನು ಹೊರಗೆ ಸಾಗಿಸಿ ಒತ್ತೆಯಿಡಬೇಕಾಯಿತು. ಜುಲೈ ೨೪ರಂದು ಹೊಸ ಕೈಗಾರಿಕಾ ನೀತಿ ಪ್ರಕಟವಾಗಿ, ಬಹುಪಾಲು ಉದ್ಯಮಗಳಿಗೆ ಪರವಾನಗಿಯ ಬೇಡಿ ಕಳಚಿತು. ಯೋಜನೆಯ ಯುಗದ ಮಹಾಪುರುಷರಲ್ಲೊಬ್ಬರಾದ, ಯೋಜನಾ ಆಯೋಗದ ಸದಸ್ಯರಾಗಿದ್ದ, ೧೯೭೨ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಡಾಕ್ಟರ್ ವಿ. ಕೆ. ಆರ್. ವಿ. ರಾಯರು ಕಣ್ಮುಚ್ಚಿದ್ದು ಅದರ ಮರುದಿನ, ಜುಲೈ ೨೫ರಂದು. ಇಂಥ ಕಾಕತಾಳೀಯಕ್ಕೆ ಅರ್ಥ ಕಟ್ಟುವುದು ಸಲ್ಲದು. ಒಂದು ಮಾತನ್ನು ಮಾತ್ರ ಹೇಳಬಹುದು: ಸಂಸ್ಥೆಗಳನ್ನು ಕಟ್ಟಿದ ರಾಯರ ಹೆಸರನ್ನು ನಮ್ಮ ಊರು ಬಲ್ಲದು, ಒಂದು ಟಿಪ್ಪಣಿಯನ್ನು ಬರೆದ ಶೆಣೈಯವರ ಹೆಸರನ್ನು ಅವರ ಕರಾವಳಿಯೂ ಚೆನ್ನಾಗಿ ಬಲ್ಲದು ಎನ್ನಲಾರೆ.

ಹಾಗಾದರೆ ಎದುರುಮನೆಯ ದಂಪತಿಗಳಿಗೆ ನಾನು ಏನು ಉತ್ತರ ಹೇಳಿದೆ? ಕೆಲವು ದಿನಗಳ ಮೇಲೆ ಹೋಗಿ ಯಜಮಾನರಿಗೆ ಹೇಳಿದೆ: “ರಾಯರೇ, ನಿಮ್ಮ ಕಾರ್ಖಾನೆ ನಿಜ, ನಿಮ್ಮ ದುಡಿಮೆ ನಿಜ. ಶೆಣೈಯವರ ಮಾತನ್ನೇ ನಡೆಸಿದ್ದರೆ ಈ ಊರು ಹೇಗಿರುತ್ತಿತ್ತೋ ಹೇಳಬಲ್ಲವರಿಲ್ಲ. ಆದರೆ ನಿಮ್ಮ ಕಾರ್ಖಾನೆಯಲ್ಲಿ ಯಂತ್ರದ ಭಾಗವೊಂದನ್ನು ಅಳೆದು, ಅಳತೆ ತಪ್ಪಿದೆಯೆಂದು ಹಿಂದಕ್ಕೆ ಕಳುಹಿಸುವ ಪರೀಕ್ಷಕನಿದ್ದನಲ್ಲವೇ? ಅವನನ್ನು ನೀವು ಕಾರ್ಖಾನೆಯ ಶತ್ರುವೆಂದಿರಾ?” ಅವರು ಸ್ವಲ್ಪ ಯೋಚಿಸಿ, “ನಾನೇ ಏಳು ವರ್ಷ ಆ ಕೆಲಸದಲ್ಲಿದ್ದೆ. ತಿಂಗಳ ಕೊನೆಯಲ್ಲಿ ಎಲ್ಲರಿಗೂ ನನ್ನ ಮೇಲೆ ಸಿಟ್ಟು” ಎಂದರು. ಆ ತಾಯಿ ತಮ್ಮ ಲೆಕ್ಕದ ಪುಸ್ತಕವನ್ನು ಮುಚ್ಚಿ ಒಳಗಿಡುತ್ತಾ, “ಇವರು ಮನೆಗೆ ಬಂದು ಅದನ್ನೇ ಹೇಳಿ ಊಟ ಬಿಡುತ್ತಿದ್ದರು” ಎಂದರು.

ಶ್ರೋತೃಗಳೇ, ಶೆಣೈಯವರು ಎಲ್ಲದರಲ್ಲಿಯೂ ಸರಿಯಾಗಿದ್ದರೆಂದು ಸಾಧಿಸುವುದು ಈ ಭಾಷಣದ ಉದ್ದೇಶವಲ್ಲ. ಎಲ್ಲರೂ ಸಹಿ ಹಾಕಿದ ಕಾಗದ ತನ್ನ ಮುಂದೆ ಬಂದಾಗ ಲೆಕ್ಕ ಕೂಡಲಿಲ್ಲವೆಂದು ಕಂಡವನು ಏನು ಮಾಡಬೇಕೆಂಬುದಕ್ಕೆ ಅವರು ಒಂದು ಮೇಲ್ಪಂಕ್ತಿಯನ್ನು ಬಿಟ್ಟುಹೋದರು. ಬೈಯದೆ, ಕೂಗದೆ, ಕಾರಣಗಳನ್ನು ಬರೆದು, ಕೆಳಗೆ ತನ್ನ ಹೆಸರನ್ನು ಬರೆಯುವುದು. ಆಮೇಲೆ ಬಂದದ್ದನ್ನು ಅನುಭವಿಸುವುದು. ಇಂಥ ಕಾಗದ ದಿಲ್ಲಿಯ ಮಂಡಲಿಗಳ ಮುಂದೆ ಮಾತ್ರ ಬರುವುದಿಲ್ಲ. ನಗರಸಭೆಯ ಮುಂದೆ, ಸಹಕಾರ ಸಂಘದ ಮುಂದೆ, ದೇವಸ್ಥಾನದ ಸಮಿತಿಯ ಮುಂದೆಯೂ ಬರುತ್ತದೆ. ನಮ್ಮಲ್ಲಿ ಯಾರ ಕೈಗೆ ಎಂದು ಬರುವುದೋ ತಿಳಿಯದು. ಬಂದ ದಿನ ಬೆಳ್ಳಿಕೋತಿನ ಈ ಪ್ರಾಧ್ಯಾಪಕರು ನೆನಪಿಗೆ ಬಂದರೆ ಇಷ್ಟು ಹೊತ್ತು ನಿಮ್ಮನ್ನು ಕೂರಿಸಿಕೊಂಡದ್ದು ಸಾರ್ಥಕವಾಯಿತೆಂದುಕೊಳ್ಳುತ್ತೇನೆ.